ಮೇಲ್ ಸರ್ವರ್‌ಗೆ ಏನೇನು ಮಾಡಲು ಬರುತ್ತದೆ ಎಂದು ಕೇಳಿ ತಿಳಿಯುವ ಬಗೆ

ಮೇಲ್ ಕಳಿಸುವ ಪ್ರೋಗ್ರಾಂ ಬರೆಯುವಾಗ ಎದುರಿನ ಸರ್ವರ್‌ನ ಶಕ್ತಿಯನ್ನು ಊಹಿಸಬೇಕಿಲ್ಲ. ಮೇಲ್ ಸಾಗಿಸುವ ನಿಯಮಾವಳಿಯಾದ ಎಸ್‌ಎಂಟಿಪಿಯಲ್ಲಿ ಕ್ಲೈಂಟ್, ಅಂದರೆ ಕಳಿಸುವ ಪ್ರೋಗ್ರಾಂ, ಇಎಚ್‌ಎಲ್‌ಒ (EHLO) ಎಂದು ತನ್ನ ಹೆಸರು ಹೇಳಿದರೆ, ಸರ್ವರ್ ತನಗೆ ಮಾಡಲು ಬರುವುದನ್ನೆಲ್ಲ ಸಾಲುಸಾಲಾಗಿ ಒಪ್ಪಿಸುತ್ತದೆ. ಆ ಉತ್ತರ ಈ ಸಂಪರ್ಕಕ್ಕೆ ಮಾತ್ರ. ಒಂದೇ ಹೆಸರಿನ ಹಿಂದೆ ಹತ್ತಾರು ಯಂತ್ರಗಳಿರಬಹುದು. ನಿನ್ನೆಯ ಪಟ್ಟಿಯನ್ನು ಉಳಿಸಿಕೊಂಡು ಇಂದು ನಂಬಿದರೆ ಕೆಲಸ ಕೆಡುತ್ತದೆ.

ಮೇಲ್ ಒಪ್ಪಿಸುವ ಪೋರ್ಟ್ 587ಕ್ಕೆ ಸಂಪರ್ಕ ಸಿಕ್ಕ ಮೇಲೆ 220 ಎಂಬ ಸ್ವಾಗತ ಪೂರ್ತಿ ಬರುವವರೆಗೆ ಸುಮ್ಮನಿರಿ. ಆಮೇಲೆ ಇಎಚ್‌ಎಲ್‌ಒ ಕಳಿಸಿ. ಉತ್ತರದ ಪ್ರತಿ ಸಾಲಿನಲ್ಲೂ 250 ಇರುತ್ತದೆ. ಅದರ ಪಕ್ಕದಲ್ಲಿ ಅಡ್ಡಗೆರೆ ಇದ್ದರೆ ಇನ್ನೂ ಸಾಲುಗಳಿವೆ, ಖಾಲಿ ಜಾಗ ಇದ್ದರೆ ಅದೇ ಕೊನೆ. ಸಾಕೆಟ್‌ನಿಂದ ಒಂದೇ ಸಲ ಓದಿ ಮುಗಿಸುವ ಕೋಡ್ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಹೊರಗಿನ ಜಾಲದಲ್ಲಿ, ಬೈಟ್‌ಗಳನ್ನು ಸಾಗಿಸುವ ಟಿಸಿಪಿ ಉತ್ತರವನ್ನು ತುಂಡು ಮಾಡಿ ಕೊಟ್ಟಾಗ ಅರ್ಧ ಪಟ್ಟಿಯಷ್ಟೇ ಕೈಗೆ ಬರುತ್ತದೆ. ಮೊದಲ ಸಾಲು ಸರ್ವರ್‌ನ ಹೆಸರು, ಅದನ್ನು ಸೌಲಭ್ಯವೆಂದು ಎಣಿಸಬೇಡಿ. ಗೊತ್ತಿಲ್ಲದ ಪದ ಕಂಡರೆ ದೋಷವೆಂದು ಕೂಗದೆ ಬಿಟ್ಟುಬಿಡಿ. ದೊಡ್ಡಕ್ಷರ, ಸಣ್ಣಕ್ಷರ ಎರಡನ್ನೂ ಒಂದೇ ಎಂದು ನೋಡಿ.

500 ಅಥವಾ 502 ಬಂದರೆ ಅದು ಹಳೆಯ ಸರ್ವರ್, ಇಎಚ್‌ಎಲ್‌ಒ ಬದಲು ಹಳೆಯ ಆಜ್ಞೆಯಾದ ಹೆಲೋ (HELO) ಕಳಿಸಿ ಯಾವ ಸೌಲಭ್ಯವೂ ಇಲ್ಲವೆಂದು ಮುಂದುವರಿಯಿರಿ. 421 ಬಂದರೆ ಅದು ‘ಬರುವುದಿಲ್ಲ’ ಎಂಬ ಉತ್ತರವಲ್ಲ, ‘ಈಗ ಆಗುವುದಿಲ್ಲ’ ಎಂಬ ಉತ್ತರ. ಹೆಲೋಗೆ ಇಳಿಯದೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿ.

ಹೆಚ್ಚಿನವರು ಎಡವುವುದು ಸ್ಟಾರ್ಟ್‌ಟಿಎಲ್‌ಎಸ್‌ನಲ್ಲಿ (STARTTLS), ಅಂದರೆ ತೆರೆದ ಸಂಪರ್ಕವನ್ನು ಟಿಎಲ್‌ಎಸ್ ಎಂಬ ಗೂಢಲಿಪಿಯ ರಕ್ಷಣೆಗೆ ಬದಲಿಸುವ ಆಜ್ಞೆಯಲ್ಲಿ. ಪಟ್ಟಿಯಲ್ಲಿ ಆ ಪದವಿದ್ದರೆ ಆಜ್ಞೆ ಕಳಿಸಿ, 220 ಬಂದ ಮೇಲೆ ಟಿಎಲ್‌ಎಸ್ ಶುರು ಮಾಡಿ. ಟಿಎಲ್‌ಎಸ್ ಶುರುವಾಗುವ ಮೊದಲೇ ಬಂದು, 220ರ ಸಾಲಿನ ನಂತರ ಬಫರ್‌ನಲ್ಲಿ ಓದದೆ ಕೂತ ಬೈಟ್‌ಗಳಿದ್ದರೆ ಸಂಪರ್ಕವನ್ನೇ ಕಡಿದುಬಿಡಿ. ನಡುವೆ ಕೂತವನು ತುರುಕಿದ ಮಾತನ್ನು ಸುರಕ್ಷಿತ ಮಾತೆಂದು ನಂಬುವ ದೋಷ 2011ರಲ್ಲಿ ಪೋಸ್ಟ್‌ಫಿಕ್ಸ್ ಸರ್ವರ್‌ನಲ್ಲೇ ಸಿಕ್ಕಿತ್ತು. ಟಿಎಲ್‌ಎಸ್ ಆದ ಮೇಲೆ ಹಳೆಯ ಪಟ್ಟಿಯನ್ನು ಎಸೆದು ಇಎಚ್‌ಎಲ್‌ಒ ಮತ್ತೊಮ್ಮೆ ಕಳಿಸಬೇಕು. ಪಾಸ್‌ವರ್ಡ್ ಕೊಟ್ಟು ಗುರುತು ತೋರಿಸಲು ಬೇಕಾದ ಆಥ್ (AUTH) ಎಂಬ ಸಾಲನ್ನು ಅನೇಕ ಸರ್ವರ್‌ಗಳು ಈ ಎರಡನೇ ಸಲವೇ ತೋರಿಸುತ್ತವೆ. ಮೊದಲ ಪಟ್ಟಿಯಲ್ಲಿ ಸ್ಟಾರ್ಟ್‌ಟಿಎಲ್‌ಎಸ್ ಕಾಣದಿದ್ದರೆ? ದಾರಿಯಲ್ಲಿ ಯಾರೋ ಅದನ್ನು ಅಳಿಸಿರಬಹುದು. ಪಾಸ್‌ವರ್ಡ್ ಕಳಿಸದೆ ಅಲ್ಲಿಗೇ ನಿಲ್ಲಿಸಿ. ಮೊದಲ ಬೈಟ್‌ನಿಂದಲೇ ಟಿಎಲ್‌ಎಸ್ ಇರುವ ಪೋರ್ಟ್ 465 ಸಿಗುವುದಾದರೆ ಈ ತಲೆನೋವೇ ಇಲ್ಲ.

ಪಟ್ಟಿಯಲ್ಲಿ ಸೈಜ್ 26214400 ಎಂದಿದ್ದರೆ ಸರ್ವರ್ ಒಪ್ಪುವ ಮಿತಿ 25 ಎಂಬಿ ಎಂದರ್ಥ. ಇದು ಸಾಗಿಸುವ ಪೂರ್ತಿ ಪತ್ರದ ಅಳತೆ, ಲಗತ್ತಿನದಲ್ಲ. ಬೈಟ್‌ಗಳನ್ನು ಸಾದಾ ಅಕ್ಷರಗಳಾಗಿ ಬದಲಿಸುವ ಬೇಸ್64 ಮಾಡಿದಾಗ ಫೈಲು ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚೇ ಉಬ್ಬುವುದರಿಂದ 18 ಎಂಬಿಗೇ ಮಿತಿ ಹತ್ತಿರವಾಗುತ್ತದೆ. ಕಳಿಸುವವರ ವಿಳಾಸ ಹೇಳುವ ಮೇಲ್ ಫ್ರಮ್ ಆಜ್ಞೆಯಲ್ಲೇ ಗಾತ್ರ ಹೇಳಿಬಿಟ್ಟರೆ, ಎಲ್ಲವನ್ನೂ ಕಳಿಸಿದ ಮೇಲೆ ಮಿತಿ ಮೀರಿತೆಂಬ 552 ನೋಡುವ ಪಾಡು ತಪ್ಪುತ್ತದೆ. ಸೈಜ್ 0 ಎಂದಿದ್ದರೆ ನಿಗದಿತ ಮಿತಿ ಇಲ್ಲ ಎಂದರ್ಥ.

ಕನ್ನಡದಲ್ಲಿ ಬರೆಯುವವರಿಗೆ ಎರಡು ಸಾಲುಗಳು ಮುಖ್ಯ. 8ಬಿಟ್‌ಮೈಮ್ ಇದ್ದರೆ ಯುಟಿಎಫ್-8 ಪಠ್ಯವನ್ನು ಹಾಗೆಯೇ ಕಳಿಸಬಹುದು. ಇಲ್ಲದಿದ್ದರೆ ಬೇಸ್64 ಮಾಡಿ. ವಿಳಾಸದಲ್ಲಿ @ ಗುರುತಿನ ಎಡಕ್ಕೇ ಕನ್ನಡ ಅಕ್ಷರಗಳಿದ್ದರೆ ಮಾತು ಬೇರೆ. ಅದಕ್ಕೆ ಎಸ್‌ಎಂಟಿಪಿಯುಟಿಎಫ್8 ಬೇಕೇಬೇಕು. .ಭಾರತ ಎಂಬ ಬಲಭಾಗವನ್ನು ಇಂಗ್ಲಿಷ್ ಅಕ್ಷರಗಳ ರೂಪವಾದ ಪ್ಯೂನಿಕೋಡ್‌ಗೆ ಬದಲಿಸಬಹುದು, ಎಡಭಾಗಕ್ಕೆ ಅಂಥ ದಾರಿಯಿಲ್ಲ. ಸೌಲಭ್ಯ ಇಲ್ಲದ ಸರ್ವರ್‌ಗೆ ಬಲವಂತವಾಗಿ ತಳ್ಳದೆ, ಪತ್ರ ಹೋಗಲಿಲ್ಲವೆಂದು ಕಳಿಸಿದವರಿಗೆ ತಿಳಿಸಿ.

ಕೈಯಾರೆ ಪರೀಕ್ಷಿಸಲು ಓಪನ್‌ಎಸ್‌ಎಸ್‌ಎಲ್‌ನ ಎಸ್_ಕ್ಲೈಂಟ್ (s_client) ಎಂಬ ಉಪಕರಣ ಸಾಕು. -starttls smtp ಎಂದು ಕೊಟ್ಟರೆ ಮೊದಲ ಇಎಚ್‌ಎಲ್‌ಒ ಮತ್ತು ಸ್ಟಾರ್ಟ್‌ಟಿಎಲ್‌ಎಸ್ ಎರಡನ್ನೂ ಅದೇ ನೋಡಿಕೊಳ್ಳುತ್ತದೆ, ಎರಡನೆಯ ಇಎಚ್‌ಎಲ್‌ಒ ಮಾತ್ರ ನೀವು ಟೈಪ್ ಮಾಡಬೇಕು. ಪತ್ರ ಪಡೆಯುವವರನ್ನು ಹೇಳುವ ಆರ್‌ಸಿಪಿಟಿ (RCPT) ಆಜ್ಞೆಯನ್ನು ಅಲ್ಲಿ ಸಣ್ಣಕ್ಷರದಲ್ಲೇ ಬರೆಯಿರಿ. ಸಾಲಿನ ಮೊದಲಿಗೆ ದೊಡ್ಡ ಆರ್ ಬಂದರೆ ಆ ಉಪಕರಣ ಅದನ್ನು ಸರ್ವರ್‌ಗೆ ಕಳಿಸದೆ ತನಗೇ ಕೊಟ್ಟ ಆಜ್ಞೆಯೆಂದು ತಿಳಿಯುತ್ತದೆ.