ವಿಮಾನ ನಿಲ್ದಾಣದಿಂದ ಹತ್ತಿರದ ಜಾಗಕ್ಕೆ ಟ್ಯಾಕ್ಸಿ: ವಿದೇಶಕ್ಕೆ ಹೊಸದಾಗಿ ಬರುವ ಕುಟುಂಬಗಳಿಗೆ

ಬಾಡಿಗೆ ಮನೆ ವಿಮಾನ ನಿಲ್ದಾಣದ ಹತ್ತಿರವೇ ಸಿಕ್ಕಿದೆಯಾ? ಒಳ್ಳೆಯದಾಯಿತು. ಇಳಿದ ತಕ್ಷಣ ಒಂದು ಟ್ಯಾಕ್ಸಿ ಹಿಡಿದರೆ ಸಾಕು ಅಂತ ನೀವು ಅಂದುಕೊಂಡಿರುತ್ತೀರಿ. ಆದರೆ ಹೊಸಬರಿಗೆ ಜಾಸ್ತಿ ಕಿರಿಕಿರಿಯಾಗುವುದು ಈ ಹತ್ತಿರದ ಪ್ರಯಾಣದಲ್ಲೇ. ಅದಕ್ಕೇ ನಮ್ಮ ಸಂಘದಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇವೆ.

ಟ್ಯಾಕ್ಸಿಯವರು ನಿಲ್ದಾಣದ ಹೊರಗಿನ ಪಾರ್ಕಿಂಗ್ ಜಾಗದಲ್ಲಿ ಸರದಿಗಾಗಿ ಕಾಯುತ್ತಿರುತ್ತಾರೆ. ಜನ ಕಡಿಮೆ ಇದ್ದ ದಿನ ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಅಷ್ಟು ಕಾದ ಮೇಲೆ ನೀವು ಹತ್ತು ನಿಮಿಷದ ದಾರಿಯ ವಿಳಾಸ ಹೇಳಿದರೆ ಅವರ ಮುಖ ಸಪ್ಪಗಾಗುವುದು ಸಹಜ. ಅವರ ಬೇಸರ ನಮಗೂ ಅರ್ಥವಾಗುತ್ತದೆ. ಹಾಗಂತ ನೀವು ಸಂಕೋಚಪಡಬೇಕಿಲ್ಲ. ದೂರ ಕಡಿಮೆ ಅನ್ನುವ ಕಾರಣಕ್ಕೆ ಸ್ಟ್ಯಾಂಡಿನ ಟ್ಯಾಕ್ಸಿ ಬರಲ್ಲ ಅನ್ನುವಂತಿಲ್ಲ ಎಂಬ ನಿಯಮ ಬಹಳ ಕಡೆ ಇದೆ. ಹತ್ತಿರದ ಬಾಡಿಗೆ ಮುಗಿಸಿ ಬೇಗ ವಾಪಸ್ ಬಂದವರನ್ನು ಕ್ಯೂನಲ್ಲಿ ಮುಂದೆ ಬಿಡುವ ವ್ಯವಸ್ಥೆಯೂ ಕೆಲವು ನಿಲ್ದಾಣಗಳಲ್ಲಿದೆ. ಸ್ಟ್ಯಾಂಡಿನಲ್ಲಿ ಗಾಡಿ ಹಂಚುವ ಸಿಬ್ಬಂದಿ ಇದ್ದರೆ, ಲಗೇಜ್ ಡಿಕ್ಕಿಗೆ ಹಾಕುವ ಮೊದಲೇ ಅವರಿಗೆ ವಿಳಾಸ ಹೇಳಿಬಿಡಿ. ಡ್ರೈವರ್ ಒಪ್ಪದಿದ್ದರೆ ಮಕ್ಕಳನ್ನು ನಿಲ್ಲಿಸಿಕೊಂಡು ವಾದ ಬೇಡ. ಸಿಬ್ಬಂದಿಗೆ ತಿಳಿಸಿ, ಮುಂದಿನ ಗಾಡಿ ಹತ್ತಿ.

ಒಳಗೆ, ಬಾಗಿಲ ಹತ್ತಿರವೇ, "ಟ್ಯಾಕ್ಸಿ ಬೇಕಾ?" ಅಂತ ಕೇಳಿಕೊಂಡು ಬರುವವರ ಹಿಂದೆ ಮಾತ್ರ ಹೋಗಬೇಡಿ. ಅವರೇ ಪೆಟ್ಟಿಗೆಗೆ ಕೈ ಹಾಕಿದರೂ ಬೇಡ ಅನ್ನಿ. ಬೋರ್ಡ್ ನೋಡಿಕೊಂಡು ಅಧಿಕೃತ ಸ್ಟ್ಯಾಂಡಿಗೇ ಹೋಗಿ. ಕ್ಯೂ ಉದ್ದ ಇದ್ದರೂ ಚಿಂತೆಯಿಲ್ಲ.

ಇನ್ನು ಬಾಡಿಗೆ. ಇಷ್ಟು ಹತ್ತಿರಕ್ಕೆ ಇಷ್ಟೊಂದಾ ಅಂತ ಅನ್ನಿಸಿದರೆ ತಕ್ಷಣ ಮೋಸ ಅಂದುಕೊಳ್ಳಬೇಡಿ. ಮೀಟರ್ ಶುರುವಾಗುವಾಗಲೇ ಒಂದು ಮೊತ್ತ ಇರುತ್ತದೆ. ಅದರ ಮೇಲೆ ನಿಲ್ದಾಣದ ಶುಲ್ಕ, ರಾತ್ರಿಯ ಹೆಚ್ಚುವರಿ ದರ, ಕೆಲವು ಕಡೆ ಲಗೇಜಿಗೂ ದುಡ್ಡು. ದೂರದ ಪ್ರಯಾಣದಲ್ಲಿ ಇವೆಲ್ಲ ಒಟ್ಟು ಬಾಡಿಗೆಯಲ್ಲಿ ಕರಗಿಹೋಗುತ್ತವೆ, ಹತ್ತಿರದ ಪ್ರಯಾಣದಲ್ಲಿ ಎದ್ದು ಕಾಣುತ್ತವೆ. ನಿಲ್ದಾಣದಿಂದ ಹೊರಡುವ ಗಾಡಿಗೆ ಕನಿಷ್ಠ ಬಾಡಿಗೆ ಇಟ್ಟಿರುವ ಊರುಗಳೂ ಇವೆ. ದರಪಟ್ಟಿ ಸಾಮಾನ್ಯವಾಗಿ ಸ್ಟ್ಯಾಂಡಿನಲ್ಲೋ ಗಾಡಿಯ ಒಳಗೋ ಅಂಟಿಸಿರುತ್ತದೆ, ಒಮ್ಮೆ ಕಣ್ಣಾಡಿಸಿ. ಮೀಟರ್ ಇರುವ ಕಡೆ ಮೀಟರ್ ಹಾಕಿಸಿ. ಪಟ್ಟಿಯಲ್ಲಿಲ್ಲದ "ಒಂದೇ ರೇಟು" ಒಪ್ಪಿಕೊಂಡರೆ ಹತ್ತಿರ ಹೋಗುವವರಿಗೇ ನಷ್ಟ.

ನಮ್ಮ ಕುಟುಂಬಗಳಿಗೆ ನಿಜವಾದ ಸಮಸ್ಯೆ ಅಂದರೆ ಲಗೇಜ್. ಎಷ್ಟೋ ವಿಮಾನಗಳಲ್ಲಿ ಒಬ್ಬರಿಗೆ 23 ಕೆಜಿಯ ಎರಡು ಪೆಟ್ಟಿಗೆ ತರಲು ಬಿಡುತ್ತಾರೆ. ನಾಲ್ಕು ಜನರ ಮನೆ ಅಂದರೆ ಎಂಟು ಪೆಟ್ಟಿಗೆ, ಜೊತೆಗೆ ಕೈಚೀಲಗಳು. ಸಾಮಾನ್ಯ ಕಾರಿನ ಡಿಕ್ಕಿಯಲ್ಲಿ ಎರಡೋ ಮೂರೋ ದೊಡ್ಡ ಪೆಟ್ಟಿಗೆ ಹಿಡಿದರೆ ಹೆಚ್ಚು. ಸ್ಟ್ಯಾಂಡಿನಲ್ಲೇ ವ್ಯಾನ್ ಕೇಳಿ, ಅಥವಾ ಮೊದಲೇ ಬುಕ್ ಮಾಡಿ. ಎರಡು ಕಾರು ಮಾಡಿಕೊಳ್ಳಲೇಬೇಕಾದರೆ ಎರಡರಲ್ಲೂ ಒಬ್ಬೊಬ್ಬ ದೊಡ್ಡವರು ಇರಲಿ, ಇಬ್ಬರ ಹತ್ತಿರವೂ ವಿಳಾಸ ಇರಲಿ.

ಪುಟ್ಟ ಮಕ್ಕಳಿದ್ದರೆ ಕಾರ್ ಸೀಟ್ ಬಗ್ಗೆ ಮೊದಲೇ ಯೋಚಿಸಿ. ಟ್ಯಾಕ್ಸಿಗೆ ಕಾನೂನಿನಲ್ಲಿ ವಿನಾಯಿತಿ ಇರುವ ದೇಶಗಳುಂಟು. ಆದರೆ ಅಪಘಾತಕ್ಕೆ ವಿನಾಯಿತಿ ಗೊತ್ತಿಲ್ಲ, ದೂರ ಕಡಿಮೆ ಅನ್ನುವುದೂ ಗೊತ್ತಿಲ್ಲ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಇಬ್ಬರಿಗೂ ಒಂದೇ ಬೆಲ್ಟ್ ಹಾಕುವುದು ಬಹಳ ಅಪಾಯ. ಗಾಡಿ ಗುದ್ದಿದರೆ ದೊಡ್ಡವರ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ. ಬಹಳಷ್ಟು ವಿಮಾನ ಸಂಸ್ಥೆಗಳು ಮಗುವಿನ ಸೀಟನ್ನು ದುಡ್ಡಿಲ್ಲದೆ ಸಾಗಿಸುತ್ತವೆ. ತರಲು ಆಗದಿದ್ದರೆ ಸೀಟ್ ಇರುವ ಗಾಡಿಯನ್ನು ಮುಂಚೆಯೇ ಬುಕ್ ಮಾಡಿ.

ಆ್ಯಪ್ ಟ್ಯಾಕ್ಸಿ ಬಳಸುವುದಾದರೆ ಹೊರಡುವ ಮೊದಲೇ ಆ್ಯಪ್ ಹಾಕಿಕೊಂಡು, ಖಾತೆ ತೆರೆದು, ಕಾರ್ಡ್ ಸೇರಿಸಿಟ್ಟುಕೊಳ್ಳಿ. ಇಳಿದ ಮೇಲೆ ಮಾಡೋಣ ಅಂದರೆ ಒಟಿಪಿ ಹಳೆಯ ನಂಬರಿಗೆ ಹೋಗುತ್ತದೆ, ಆ ಸಿಮ್ ಇಲ್ಲಿ ಕೆಲಸ ಮಾಡದೇ ಇರಬಹುದು. ಕಾರ್ಡಿನಲ್ಲಿ ವಿದೇಶದ ಪಾವತಿ ಆನ್ ಆಗಿದೆಯಾ ಅಂತಲೂ ನೋಡಿ. ಸ್ವಲ್ಪ ಚಿಲ್ಲರೆ ನೋಟು ಕೈಯಲ್ಲಿರಲಿ. ಆ್ಯಪ್ ಗಾಡಿಗಳು ನಿಲ್ಲುವ ಜಾಗ ಹೆಚ್ಚಾಗಿ ಟ್ಯಾಕ್ಸಿ ಸ್ಟ್ಯಾಂಡಿನಿಂದ ಬೇರೆ ಇರುತ್ತದೆ. ಕೆಲವೊಮ್ಮೆ ಬೇರೆ ಮಹಡಿಯಲ್ಲಿ. ಗಾಡಿ ಬಂದಾಗ ನಂಬರ್ ಪ್ಲೇಟ್ ತಾಳೆ ನೋಡಿಯೇ ಹತ್ತಿ.

ಹತ್ತಿರದ ಹೋಟೆಲಿನಲ್ಲಿ ಉಳಿಯುವವರು ಟ್ಯಾಕ್ಸಿಗೂ ಮೊದಲು ಹೋಟೆಲಿಗೆ ಫೋನ್ ಮಾಡಿ. ಎಷ್ಟೋ ಹೋಟೆಲುಗಳು ತಮ್ಮದೇ ವ್ಯಾನ್ ಓಡಿಸುತ್ತವೆ.

ಇಳಿಯುವಾಗ ಪೆಟ್ಟಿಗೆ ಎಣಿಸಿ, ರಸೀದಿ ಕೇಳಿ ಪಡೆಯಿರಿ. ಅದರಲ್ಲಿ ಸಾಮಾನ್ಯವಾಗಿ ಗಾಡಿಯ ನಂಬರ್ ಇರುತ್ತದೆ. ಏನಾದರೂ ಮರೆತುಬಂದರೆ ಹುಡುಕಲು ಅದೇ ಆಧಾರ. ಮುಂದೆ ಅಪ್ಪ ಅಮ್ಮ ಅಷ್ಟೇ ಬರುವಾಗ, ವಿಳಾಸವನ್ನು ಇಲ್ಲಿಯ ಭಾಷೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ನಿಮ್ಮ ಫೋನ್ ನಂಬರ್ ಸೇರಿಸಿ, ಇಬ್ಬರ ಕೈಯಲ್ಲೂ ಒಂದೊಂದು ಚೀಟಿ ಕೊಟ್ಟಿರಿ. ಅವರನ್ನು ಕರೆತರಲು ನಿಮಗೆ ಹೋಗಲು ಆಗದಿದ್ದರೆ ಸಂಘಕ್ಕೆ ಮುಂಚೆಯೇ ತಿಳಿಸಿ, ಯಾರಾದರೂ ಬಿಡುವಾಗಿದ್ದಾರಾ ಅಂತ ಖಂಡಿತ ವಿಚಾರಿಸುತ್ತೇವೆ.