ಹದಿನೇಳು ಸಾವಿರದ ಹಳೆಯ ಕ್ಯಾಮೆರಾ, ಮೂರು ಮಳೆಗಾಲ

ನನ್ನ ನಿಕಾನ್ ಡಿ 7000 ನೋಡಿದ ಶಿರಸಿಯ ಸ್ಟುಡಿಯೋ ಗೆಳೆಯರೊಬ್ಬರು, "ಹೆಗಡೆಯವರೇ, ಇದು 2010ರಲ್ಲಿ ಬಂದ ಮಾಡೆಲ್. ಈ ದುಡ್ಡಿಗೆ ಒಳ್ಳೆಯ ಮೊಬೈಲ್ ಬರುತ್ತಿತ್ತಲ್ಲ" ಎಂದು ನಕ್ಕಿದ್ದರು. ಕಳೆದ ಸಲ ಯಕ್ಷಗಾನ ಮೇಳಗಳು ಊರೂರು ತಿರುಗುವ ಕಾಲದಲ್ಲಿ ಅವರೇ ಮನೆಗೆ ಬಂದು ಪೋಸ್ಟರಿಗೆಂದು ನಾಲ್ಕು ಯಕ್ಷಗಾನದ ಫೋಟೋ ಕೇಳಿಕೊಂಡು ಹೋದರು. ಚಹಾ ಕೊಟ್ಟೆ, ಫೋಟೋಗಳನ್ನೂ ಕೊಟ್ಟೆ. ಹಳೆಯ ಮಾತನ್ನು ನೆನಪಿಸದೆ ಕಳಿಸಲಿಲ್ಲ.

ಮೊದಲು ಸೋತದ್ದನ್ನು ಹೇಳಬೇಕು. ಅಡಿಕೆಗೆ ದರ ಚೆನ್ನಾಗಿದ್ದ ವರ್ಷ ಸುಮಾರು 34 ಸಾವಿರ ಕೊಟ್ಟು ಪ್ರವೇಶ ಮಟ್ಟದ ಹೊಸ ಕ್ಯಾಮೆರಾ ತಂದೆ, ಜೊತೆಗೆ ಬರುವ 18-55 'ಕಿಟ್' ಲೆನ್ಸ್ ಸಮೇತ. ಹಗಲಲ್ಲಿ ತೋಟ, ಜಲಪಾತ, ಮಕ್ಕಳು ಎಲ್ಲವೂ ಚೆಂದ ಬಂದವು. ರಾತ್ರಿ ಯಕ್ಷಗಾನದ ಆಟಕ್ಕೆ ಹೋದಾಗ ಬಣ್ಣ ಬಯಲಾಯಿತು. ಬೆಳಕಿನ ಸಂವೇದನೆ, ಅಂದರೆ ಐಎಸ್ಒ, 1600ಕ್ಕೆ ಇಟ್ಟರೂ ಶಟರ್ ವೇಗ ಸೆಕೆಂಡಿನ 1/30ರ ಮೇಲೆ ಏರುತ್ತಿರಲಿಲ್ಲ. ಧೀಂಗಣ ಹಾಕುತ್ತಾ ಗಿರಗಿರ ಸುತ್ತುವ ವೇಷಧಾರಿ ಫೋಟೋದಲ್ಲಿ ಹತ್ತಿಯ ಉಂಡೆಯಾಗಿದ್ದ. ಫ್ಲ್ಯಾಶ್ ಹಾಕಿದೆ. ಪದ್ಯ ಮುಗಿದ ಮೇಲೆ ಭಾಗವತರು, "ತಮ್ಮಾ, ಆ ಮಿಂಚೊಂದು ಬೇಡ" ಎಂದರು. ಅಲ್ಲಿಗೆ ಅದು ಮುಗಿಯಿತು.

ಬಳಿಕ 50 ಎಂಎಂ ಎಫ್/1.8 ಲೆನ್ಸನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ 5 ಸಾವಿರಕ್ಕೆ ಕೊಂಡೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಂಡಿ ದೊಡ್ಡದು. ಎಫ್/2ಕ್ಕೆ ಇಟ್ಟರೂ ಕಿಟ್ ಲೆನ್ಸಿಗಿಂತ ಏಳು ಪಟ್ಟು ಬೆಳಕು. ಮನೆಗೆ ಬಂದು ಹಾಕಿದರೆ ಆಟೋಫೋಕಸ್ ಅಲುಗಾಡಲಿಲ್ಲ. ಅದು 'ಡಿ' ಜಾತಿಯ ಲೆನ್ಸ್. ಅದರಲ್ಲಿ ಫೋಕಸ್ ಮೋಟಾರ್ ಇಲ್ಲ, ಕ್ಯಾಮೆರಾದ ಬಾಡಿಯೇ ತಿರುಗಿಸಬೇಕು. ನನ್ನ ಬಾಡಿಯಲ್ಲೂ ಮೋಟಾರ್ ಇರಲಿಲ್ಲ. ತಪ್ಪು ಮಾರಿದವನದಲ್ಲ, ಒಂದಕ್ಷರ ಓದದ ನನ್ನದು. ಒಂದಿಡೀ ಋತು ಕೈಯಲ್ಲೇ ಫೋಕಸ್ ಮಾಡಿದೆ. ಒಂದು ರಾತ್ರಿಯ 300 ಫೋಟೋಗಳಲ್ಲಿ ಇಪ್ಪತ್ತು ನೆಟ್ಟಗಿದ್ದರೆ ಪುಣ್ಯ.

ಎಲ್ಲರೂ ಮೋಟಾರ್ ಇರುವ ಹೊಸ ಲೆನ್ಸ್ ಕೊಳ್ಳಲು ಹೇಳಿದರು. ನಾನು ಲೆಕ್ಕವನ್ನು ತಿರುಗಿಸಿ ಹಾಕಿದೆ. ಹೊಸ ಕ್ಯಾಮೆರಾವನ್ನೇ 15 ಸಾವಿರಕ್ಕೆ ಮಾರಿ, ಹುಬ್ಬಳ್ಳಿಯಲ್ಲಿ ಒಳಗೆ ಮೋಟಾರ್ ಇರುವ ಹಳೆಯ ಡಿ 7000ನ್ನು 17ಕ್ಕೆ ತಂದೆ. ಕೈಯಿಂದ ಬಿದ್ದದ್ದು 2 ಸಾವಿರ ಮತ್ತು ಬಸ್ ಚಾರ್ಜು. ಮಾರಿದ್ದರಲ್ಲಿ ಆದ ನಷ್ಟವನ್ನು ಮನೆಯಾಕೆ ಇಂದಿಗೂ ಬೇರೆ ಲೆಕ್ಕದಲ್ಲಿ ಬರೆದಿಟ್ಟಿದ್ದಾಳೆ.

ಅಂಗಡಿಗೆ ನನ್ನದೇ ಕಾರ್ಡ್, ನನ್ನದೇ 50 ಎಂಎಂ ಒಯ್ದಿದ್ದೆ. ತೆಗೆದ ಫೋಟೋದ ಕಡತದೊಳಗೆ ಶಟರ್ ಎಣಿಕೆ, ಅಂದರೆ ಅಲ್ಲಿಯವರೆಗೆ ಎಷ್ಟು ಸಲ ಕ್ಲಿಕ್ಕಿಸಿದೆ ಎಂಬುದು ಇರುತ್ತದೆ. 42 ಸಾವಿರದ ಆಸುಪಾಸು ಬಂತು. ಕಂಪನಿ ಈ ಮಾಡೆಲನ್ನು ಪರೀಕ್ಷಿಸಿದ್ದು 1,50,000ಕ್ಕೆ, ಹಾಗಾಗಿ ಚಿಂತೆಯಿಲ್ಲ. ಎಫ್/16ರಲ್ಲಿ ಬಿಳಿ ಗೋಡೆಯ ಫೋಟೋ ತೆಗೆದು ಒಳಗಿನ ಸೆನ್ಸರಿನ ಮೇಲೆ ಧೂಳಿದೆಯೇ ನೋಡಿದೆ. ಆಮೇಲೆ ಹತ್ತಿರದಿಂದ ಅನಂತಕ್ಕೆ ಹತ್ತಾರು ಸಲ ಫೋಕಸ್ ಓಡಿಸಿ ಮೋಟಾರಿನ ಸದ್ದಿಗೆ ಕಿವಿಗೊಟ್ಟೆ. ಹಿಂಬದಿಯ ರಬ್ಬರ್ ಎದ್ದಿತ್ತು. ಆತ ಹೇಳಿದ 21 ಸಾವಿರ 17ಕ್ಕೆ ಇಳಿದದ್ದು ಆ ರಬ್ಬರಿನಿಂದ ಮಾತ್ರವಲ್ಲ. ಉಳಿದದ್ದು ನನ್ನ ಗಂಟಿನಲ್ಲೇ ಇರಲಿ.

ಮೊದಲ ಆಟದಲ್ಲೇ 1/250 ಸಿಕ್ಕಿತು. ಆದರೆ ಎಲ್ಇಡಿ ದೀಪಗಳಿರುವ ರಂಗಸ್ಥಳದಲ್ಲಿ ಆ ವೇಗಕ್ಕೆ ಚಿತ್ರದಲ್ಲಿ ಪಟ್ಟೆಗಳು ಬಿದ್ದವು. 1/100ಕ್ಕೆ ಇಳಿಸಿದಾಗ ಪಟ್ಟೆ ಹೋಯಿತು, ಅಲುಗಾಟ ಮರಳಿತು. ಕೊನೆಗೆ ಚೆಂಡೆ ಕೇಳಿ ತೆಗೆಯಲು ಕಲಿತೆ: ಬಿಡ್ತಿಗೆ ಎಂಬ ಬಾರಿಸುವಿಕೆಯ ಪೆಟ್ಟು ಬಿದ್ದಾಗ ವೇಷ ಒಂದು ಗಳಿಗೆ ನಿಲ್ಲುತ್ತದೆ. ಎಲ್ಲಿ ಕುಳಿತರೆ ಮೈಕಿನ ಕಂಬ ಅಡ್ಡ ಬರುವುದಿಲ್ಲ ಎಂಬುದನ್ನು ಕೇಳಬೇಡಿ. ಇದೇ ಹುಮ್ಮಸ್ಸಿನಲ್ಲಿ ಸೋಂದೆಯ ಮುಂಡಿಗೆಕೆರೆಗೂ ಬೆಳ್ಳಕ್ಕಿ ತೆಗೆಯಲು ಹೋದೆ. 50 ಎಂಎಂನಲ್ಲಿ ಹಕ್ಕಿಗಳು ಅಕ್ಕಿಕಾಳುಗಳು.

ನಿಜವಾದ ಶತ್ರು ಜೂನ್ ನಂತರದ ತೇವ. ಹಳೆಯ ಕಿಟ್ ಲೆನ್ಸನ್ನು ಬಾಡಿಯೊಡನೆ ಮಾರುವ ಮೊದಲು ಟಾರ್ಚ್ ಬಿಟ್ಟಾಗ ಒಳಗೆ ಜೇಡರಬಲೆಯಂಥ ಫಂಗಸ್. ಕೊಂಡವನಿಗೆ ತೋರಿಸಿಯೇ ಕೊಟ್ಟೆ, ಬೆಲೆಯೂ ಅಷ್ಟಕ್ಕೇ ಇಳಿಯಿತು. ಈ ಬಾರಿ ಹಾಗಾಗಬಾರದೆಂದು ಡಿ 7000 ಮತ್ತು 50 ಎಂಎಂನ್ನು ಅಕ್ಕಿಯ ಡಬ್ಬಿಯಲ್ಲಿಟ್ಟು ನೋಡಿದೆ, ಹಿಟ್ಟಿನ ಧೂಳು ಸಂದಿಗಳಿಗೆ ಹೊಕ್ಕಿತು. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆಯಲ್ಲ ಎಂದು ಅಲ್ಲಿಟ್ಟೆ, ವಾರದಲ್ಲಿ ಮಸಿ. ಕಪಾಟಿನೊಳಗೆ ಜೀರೋ ಬಲ್ಬ್ ಉರಿಸಿದ್ದು ಚೆನ್ನಾಗಿಯೇ ನಡೆಯಿತು, ಮರ ಬಿದ್ದು ನಾಲ್ಕು ದಿನ ಕರೆಂಟು ಹೋಗುವವರೆಗೆ.

ಗೆದ್ದದ್ದು ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆ. ಅದರೊಳಗೆ ಅರ್ಧ ಕಿಲೋ ಸಿಲಿಕಾ ಜೆಲ್ ಮತ್ತು ಒಂದು ಸಣ್ಣ ತೇವಾಂಶ ಮಾಪಕ. ಎಲ್ಲ ಸೇರಿ ಸಾವಿರ ರೂಪಾಯಿ ಒಳಗೆ. ಮಾಪಕವನ್ನು ನಂಬದೆ, ಒದ್ದೆ ಉಪ್ಪಿನ ಬಟ್ಟಲಿನೊಡನೆ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಟ್ಟೆ. ಒದ್ದೆ ಉಪ್ಪು ಮುಚ್ಚಿದ ಡಬ್ಬಿಯ ತೇವಾಂಶವನ್ನು ಶೇಕಡಾ 75ರಲ್ಲಿ ನಿಲ್ಲಿಸುತ್ತದೆ. ಮಾಪಕ 75 ತೋರಿಸಬೇಕಿತ್ತು, 81 ತೋರಿಸಿತು. ಅಂದಿನಿಂದ ಆರು ಕಳೆದು ಓದುತ್ತೇನೆ. ನಲವತ್ತೈದರ ಸುತ್ತ ಇದ್ದರೆ ಸಾಕು. ಐವತ್ತೈದು ದಾಟಿದರೆ ಜೆಲ್ಲನ್ನು ಅದಕ್ಕೆಂದೇ ಇಟ್ಟ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿಯುತ್ತೇನೆ. ಅಡುಗೆಯ ಬಾಣಲೆ ಮುಟ್ಟಬಾರದು, ಬಣ್ಣ ಬದಲಾಗುವ ನೀಲಿ ಜೆಲ್ಲಿನಲ್ಲಿ ಕೋಬಾಲ್ಟ್ ಇರುತ್ತದೆ.

ಮೂರು ಮಳೆಗಾಲ ಕಳೆದು ಮೊನ್ನೆ ಟಾರ್ಚ್ ಬಿಟ್ಟೆ, ಗಾಜು ಸ್ವಚ್ಛ. ಈಗ ಕಾರವಾರದವರೊಬ್ಬರು 85 ಎಂಎಂ ಮಾರುತ್ತೇನೆ ಎನ್ನುತ್ತಿದ್ದಾರೆ. ಮನೆ ಕಡಲಿಗೆ ಎಷ್ಟು ದೂರ ಎಂದು ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.