ಇಂಕು ಹರಡುತ್ತಿದ್ದ ಕೈಕಾಗದಕ್ಕೆ ಗಂಜಿಯ ಮದ್ದು

ದೀಪಾವಳಿಗೆ ಕೊಡಲು ಹಳೇ ನೋಟ್‌ಬುಕ್ ಹಾಳೆ ನೆನೆಸಿ, ಮಿಕ್ಸಿಯಲ್ಲಿ ರುಬ್ಬಿ, ಕೈಕಾಗದ (ಕೈಯಲ್ಲೇ ತಯಾರಿಸಿದ ಕಾಗದ) ಮಾಡಿ ಅದರಿಂದ ಬುಕ್‌ಮಾರ್ಕ್ ಮಾಡಿದ್ದೆ. ನೋಡಲು ಚೆಂದ. ಆದರೆ ಹೆಸರು ಬರೆದರೆ ಅಕ್ಷರವೆಲ್ಲ ಜೇಡನ ಹಾಗೆ ಕಾಲು ಚಾಚುತ್ತಿತ್ತು! ಸುಮ್ನೆ ಪೆನ್ನನ್ನು ಬೈದೆ.

ಅಂಗಡಿಯ ಹಾಳೆಯಲ್ಲಿ ಇಂಕು ಹೀರದಂತೆ ತಡೆಯುವ ಅಂಟು ಸೇರಿರುತ್ತದೆ. ನನ್ನದರಲ್ಲಿ ಅದು ಸಾಲದು. ಹಿಂದೆ ಕೈಕಾಗದಕ್ಕೆ ಅಕ್ಕಿ ಗಂಜಿ ಬಳಿಯುತ್ತಿದ್ದದ್ದು ನೆನಪಾಯಿತು.

1 ಚಮಚ ಅಕ್ಕಿ ಹಿಟ್ಟನ್ನು 1 ಲೋಟ ನೀರಿನಲ್ಲಿ ಕುದಿಸಿ ಸೋಸಿದೆ. ಪೂರ್ತಿ ಒಣಗಿದ ಹಾಳೆಯ ಎರಡೂ ಬದಿಗೆ ತೆಳ್ಳಗೆ ಬಳಿದೆ. ಒಂದೇ ಬದಿಗೆ ಬಳಿದದ್ದು ಹಪ್ಪಳದಂತೆ ಮುದುರಿತು. ಆರಿದ ಮೇಲೆ ಸ್ಟೀಲ್ ಲೋಟದ ತಳದಿಂದ ಉಜ್ಜಿ, ರಾತ್ರಿಯಿಡೀ ದಪ್ಪ ಪುಸ್ತಕಗಳ ಅಡಿಯಲ್ಲಿಟ್ಟೆ.

ಈಗ ಬಾಲ್ ಪೆನ್, ಜೆಲ್ ಪೆನ್ ಎರಡೂ ಸರಿ. ಇಂಕ್ ಪೆನ್ನು ಮಾತ್ರ ಇನ್ನೂ ಸ್ವಲ್ಪ ಹಠ ಮಾಡುತ್ತದೆ.